ಎಲ್ನೇಥನನ ತ್ರೈರಾಶಿ

ಬಾಸ್ಟನ್ ಇನ್ನೂ ಇಂಗ್ಲೆಂಡ್ ದೊರೆಯ ವಸಾಹತಾಗಿದ್ದ ಕಾಲ. ಎಲ್ನೇಥನ್ ಪಡ್ನಿ ಆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಹೊಸದಾಗಿ ತ್ರೈರಾಶಿ ಲೆಕ್ಕ ಕಲಿತವನ ಬಾಯಿ ಸುಮ್ಮನಿರುತ್ತದೆಯೇ!

ವ್ಯಾಪಾರಿ ಕ್ಯಾಪ್ಟನ್ ಗೆಡ್ನಿ ದಡದಲ್ಲಿ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದ. ಬಾರ್ಬಡೋಸಿನಿಂದ ಸಕ್ಕರೆ ತಂದಿದ್ದ ಅವನ ಹಡಗಿನ ತಳ ಸೋರುತ್ತಿತ್ತು. ಇಳಿಸೋಣವೆಂದರೆ ಮೇಲೆ ಮಳೆಮೋಡ. ಹೊಸ ಉಗ್ರಾಣದ ತೊಲೆಗಳೋ ಇನ್ನೂ ನೆಲದ ಮೇಲೆ ಮಲಗಿದ್ದವು.

“ಹೋದ ಸಲ ಇಂಥದೇ ಉಗ್ರಾಣದ ಚೌಕಟ್ಟು ಎತ್ತೋಕೆ ಹನ್ನೆರಡು ಜನಕ್ಕೆ ಇಡೀ ದಿನ ಹಿಡೀತಲ್ಲಪ್ಪಾ!”

“ಇಪ್ಪತ್ನಾಲ್ಕು ಜನರನ್ನ ಕರೀರಿ ಧಣಿ! ಜನ ಎರಡರಷ್ಟಾದ್ರೆ ಹೊತ್ತು ಅರ್ಧ. ಮಧ್ಯಾಹ್ನಕ್ಕೆ ಮುಗೀತು!” ಎಂದ ಎಲ್ನೇಥನ್.

“ಮುಗಿದ್ರೆ ನೀನೇ ನನ್ನ ಗುಮಾಸ್ತ. ಒಬ್ಬ ಕೂತು ಬರೆದ್ರೆ ಒಂದು ವರ್ಷ ಹಿಡಿಯುವಷ್ಟು ಲೆಕ್ಕ ಬಾಕಿ ಬಿದ್ದಿದೆ.”

ಎಲ್ನೇಥನನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಪೀಪಾಯಿ ಮಾಡುವ ಬೀಡಲ್ ತನ್ನ ಮಗಳು ಮೆಹಿಟಬೆಲ್‌ಳನ್ನು ಕೊಡಲು ಹಾಕಿದ್ದ ಷರತ್ತು ಒಂದೇ: ಹುಡುಗನ ಕೈಯಲ್ಲಿ ವರ್ಷದ ಕೆಲಸ ಇರಬೇಕು.

ಜನ ಬಂದರು, ಬೀಡಲ್ ಕೂಡ ಬಂದ. ತೊಲೆ ಮುಟ್ಟುವ ಮುಂಚೆ ರಮ್ ಕೊಡುವುದು ಊರಿನ ಪದ್ಧತಿ. ಹನ್ನೆರಡು ಜನರಿಗೆಂದು ಇಟ್ಟಿದ್ದ ರಮ್ ಇಪ್ಪತ್ನಾಲ್ಕು ಗಂಟಲಿಗೆ ಎಲ್ಲಿ ಸಾಲಬೇಕು! ಕುಡಿದವರು ಸಾಲದೆಂದು ಕೂತರು, ಸಿಗದವರು ಸಿಟ್ಟಿಗೆದ್ದು ಕೂತರು. ಅಷ್ಟರಲ್ಲಿ ಹನಿ ಉದುರತೊಡಗಿತು.

“ಏನ್ ಅಳಿಯಾ, ಕೈಗಳನ್ನ ಎಣಿಸ್ದೆ, ಗಂಟಲು ಎಣಿಸೋದು ಮರೆತ್ಯಲ್ಲೋ!” ಎಂದು ಬೀಡಲ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಎಲ್ನೇಥನ್ ಕೊನೆಗೆ ಒಂದು ಪೀಪಾಯಿ ಹತ್ತಿ ಕಿರುಚಿದ: “ಅಣ್ಣಂದಿರಾ! ಆ ಹಡಗಲ್ಲಿ ಸಕ್ಕರೆ ಜೊತೆ ರಮ್ಮೂ ಇದೆ! ಉಗ್ರಾಣ ಎದ್ರೆ ತಾನೇ ಇಳಿಸೋದು?”

ಅಬ್ಬಬ್ಬಾ, ಆಮೇಲಿನ ಹುರುಪೇನು ಕೇಳುತ್ತೀರಿ! ದಪ್ಪ ದಪ್ಪ ತೊಲೆಗಳು ಕಡ್ಡಿಯಂತೆ ಮೇಲೆದ್ದವು. ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ಚೌಕಟ್ಟು ನಿಂತಿತು, ಅದರ ಮೇಲೆ ಹಡಗಿನ ಹಾಯಿಬಟ್ಟೆ ಹರಡಿತು. ಅದರಡಿ ಇಳಿಸಿದ ಸಕ್ಕರೆ ನೆನೆಯದೆ ಉಳಿಯಿತು.

“ಭಲೇ ನನ್ನ ಅಳಿಯಾ! ಈ ಭಾನುವಾರವೇ ಚರ್ಚಿನಲ್ಲಿ ಮದುವೆಯ ಸುದ್ದಿ ಸಾರಿಸ್ತೀನಿ!” ಬೀಡಲ್ ಅವನ ಹೆಗಲು ತಬ್ಬಿಕೊಂಡ.

ಗೆಡ್ನಿ ಓಡಿಬಂದ. “ನಿನ್ನ ತ್ರೈರಾಶಿ ಅಂದ್ರೆ ತ್ರೈರಾಶಿ ಕಣೋ! ಒಬ್ಬ ಗುಮಾಸ್ತನಿಗೆ ವರ್ಷದ ಕೆಲಸ ತಾನೇ? ನಿನ್ನನ್ನೂ ಸೇರಿಸಿ ಹನ್ನೆರಡು ಜನರನ್ನ ನೇಮಿಸಿಬಿಟ್ಟೆ. ಒಂದೇ ತಿಂಗಳಲ್ಲಿ ಎಲ್ಲಾ ಖಲಾಸ್!”

ಬೀಡಲ್ ಮೆಲ್ಲಗೆ ಹೆಗಲಿನಿಂದ ಕೈ ತೆಗೆದ.

“ಹಾಗಾದ್ರೆ ನಾನು ಬರ್ಲಾ, ಪಡ್ನಿಯವರೇ?”