ಬಸ್ಸಿಗೆ ಅಡ್ಡ ಕೂತ ಅತ್ತೆ

ನಮ್ಮ ಸೋದರತ್ತೆಯ ಜೊತೆ ಬಸ್ಸು ಹತ್ತುವುದಕ್ಕಿಂತ ಕಾಡಾನೆಯ ಎದುರು ನಡೆದುಹೋಗುವುದು ಕ್ಷೇಮ! ಸುಮ್ಮನಿದ್ದವರನ್ನು ಆನೆಯಾದರೂ ಸುಮ್ಮನೆ ಬಿಟ್ಟೀತು. ಅತ್ತೆ ಬಿಡುವವಳೇ?

ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು ಮೂಲೆ ಹಿಡಿಯುವ ಬದಲು ಊರೂರು ಹಿಡಿದಳು. ಜೀತ ಬಿಡಿಸುವುದು, ದಲಿತರ ಕೇರಿಯ ಮಕ್ಕಳನ್ನು ಶಾಲೆಗೆ ಸೇರಿಸುವುದು, ಇದೇ ಅವಳ ಕಸುಬು. ಪಿರಿಯಾಪಟ್ಟಣದ ಕಡೆ ಒಬ್ಬ ಗೌಡರು ಜೀತದಾಳನ್ನು ಬಿಡಲೊಲ್ಲೆ ಎಂದಾಗ ಅವರ ಜಗಲಿಯಲ್ಲೇ ಕೂತು ಭಜನೆ ಶುರುಮಾಡಿದಳು. ಅತ್ತೆಯ ಕಂಠ ಕೇಳಿದ್ದೀರಾ? ಮಧ್ಯಾಹ್ನದೊಳಗೆ ಗೌಡರು ಕೈಮುಗಿದರು. "ಅವುನ್ನ ಕರ್ಕೊಂಡೋಗಿ ತಾಯಿ. ಮೊದ್ಲು ಇದ ನಿಲ್ಸಿ!"

ನಾನಾಗ ಹೆಗ್ಗಡದೇವನಕೋಟೆಯಲ್ಲಿ ಹೊಸ ಮೇಷ್ಟ್ರು. ಒಂದು ದಿನ ಇಬ್ಬರೂ ಹುಣಸೂರಿಗೆ ಹೊರಟಿದ್ದೆವು. ದಾರಿಯಲ್ಲಿ ಕೇರಿಯವನೊಬ್ಬ ಬಸ್ಸಿಗೆ ಕೈ ಅಡ್ಡ ಹಿಡಿದ. ಅವನ ಹೆಂಡತಿ ಹೆರಿಗೆ ನೋವಿನಲ್ಲಿ ಮರಕ್ಕೆ ಒರಗಿದ್ದಳು.

"ಅವ್ಳ ಹತ್ತಿಸ್ಕಂಡ್ರೆ ನಾವಿಳಿತೀವಿ," ಮುಂದಿನ ಸೀಟಿನ ಪಟೇಲರು ಗುಡುಗಿದರು. ಕಂಡಕ್ಟರು ಸೀಟಿ ಊದಿಯೇಬಿಟ್ಟ.

ಅಷ್ಟರಲ್ಲಿ ಅತ್ತೆ ಪಕ್ಕದಲ್ಲಿಲ್ಲ! ನೋಡಿದರೆ ಬಸ್ಸಿನ ಮುಂದೆ, ನಡುರಸ್ತೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದಾಳೆ. ಡ್ರೈವರು ಹೆದರಿಸಲು ಬಸ್ಸನ್ನು ಮುಂದಕ್ಕೆ ಬಿಟ್ಟ. ಇನ್ನೊಂದು ಗೇಣು ಬಂದಿದ್ದರೆ ಅವಳ ಮುಖಕ್ಕೇ ತಾಗುತ್ತಿತ್ತು. ಅತ್ತೆ ಅಲುಗಲಿಲ್ಲ. ಮರದಡಿಯ ನರಳಾಟ ಜೋರಾಯಿತು.

"ಮೇಷ್ಟ್ರೇ, ನಿಮ್ಮತ್ತೇನ ಎಬ್ಬಿಸ್ತೀರೋ, ಕೆಲ್ಸಕ್ಕೆ ಎಳ್ಳುನೀರು ಬುಡ್ತೀರೋ?" ಎಂದರು ಪಟೇಲರು.

ನಾನು ಇಳಿದುಹೋಗಿ ಅತ್ತೆಯ ಪಕ್ಕ ಕೂತೆ. (ಧೈರ್ಯ ಎಂದುಕೊಳ್ಳಬೇಡಿ. ಆಮೇಲೆ ಮನೆಯಲ್ಲಿ ಅತ್ತೆಗೆ ಉತ್ತರ ಕೊಡಬೇಕಲ್ಲ!)

ಡ್ರೈವರು ಆ ಹೆಂಗಸನ್ನು ನೋಡಿದ, ನಮ್ಮನ್ನು ನೋಡಿದ. ಇಂಜಿನ್ ನಿಲ್ಲಿಸಿದ.

"ಆ ಹೆಣ್ಮಗ್ಳು ಹತ್ಲಿ. ಇಲ್ಲಾಂದ್ರೆ ಪಟೇಲ್ರೇ, ಬಂದು ನೀವೇ ಓಡ್ಸಿ."

ಪಟೇಲರು ಇಳಿದು ನಡೆದೇಬಿಟ್ಟರು. ಮಿಕ್ಕವರು ಹೊರಗಿನ ಬಿಸಿಲು ನೋಡಿ ಕೂತಲ್ಲೇ ಕೂತರು! ಅತ್ತೆ ನನ್ನ ಭುಜ ಹಿಡಿದು ಎದ್ದು, ಆ ಹೆಂಗಸನ್ನು ಪಟೇಲರ ಸೀಟಿನಲ್ಲೇ ಮಲಗಿಸಿದಳು.

ಹುಣಸೂರಿನ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಮಗುವಿನ ಅಳು ಕೇಳಿದ ಮೇಲೆಯೇ ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತದ್ದು.

"ಅತ್ತೆ, ಒಂಚೂರೂ ಭಯ ಆಗ್ಲಿಲ್ವಾ ನಿಂಗೆ?"

"ಬಸ್ಸು ಮೇಲೇ ಬಂತಲ್ಲ, ಆಗ ಎದ್ದು ಓಡೋಗವಾ ಅನ್ಕಂಡೆ ಕಣ್ಲಾ ಮಗ. ಕಾಲೇ ಏಳ್ನಿಲ್ಲ!"

ನಗುತ್ತಲೇ ಹೇಳಿದಳು. ಅವಳ ಕೈ ಮಾತ್ರ ಸೆರಗಿನ ತುದಿಯನ್ನು ಇನ್ನೂ ಬಿಗಿಯಾಗಿ ಹಿಡಿದಿತ್ತು. ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡೆ. ಅತ್ತೆ ಬಿಡಿಸಿಕೊಳ್ಳಲಿಲ್ಲ.