ವಕೀಲ ಯರ್ರಿಸ್ವಾಮಿಯ ಊರು ಯಾವುದು?

ತಾಯಿಯ ಫೋನ್ ಬಂದಾಗ ವಕೀಲ ಯರ್ರಿಸ್ವಾಮಿ ತೆಲುಗಿನಲ್ಲಿ ಮಾತಾಡಿದ್ದೇ ತಪ್ಪಾಯಿತು.

ಬಳ್ಳಾರಿಯಲ್ಲಿ ತೆಲುಗು ಮಾತಾಡುವುದು ಉಸಿರಾಡಿದಷ್ಟೇ ಸಹಜ. ಆದರೆ ಅವನು ಆಗ ಪಾಲಿಕೆ ಚುನಾವಣೆಗೆ ನಿಲ್ಲಲು ಹೊರಟು, ಕೈಮುಗಿದುಕೊಂಡು ತನ್ನ ಓಣಿಯಲ್ಲಿ ಮನೆಮನೆ ತಿರುಗುತ್ತಿದ್ದ. ಅವನ ಅಪ್ಪ ಆಂಧ್ರದ ಆದೋನಿಯಿಂದ ಹತ್ತಿ ಗಿರಣಿಯ ಕೂಲಿಗೆ ಬಂದವನು. ಮಗ ವಕೀಲನಾಗಿ, ಬಾಡಿಗೆದಾರರನ್ನು ಬೀದಿಗೆ ತಳ್ಳುವ ಮಾಲೀಕರ ಮೇಲೆ ತಡೆಯಾಜ್ಞೆ ತರುವುದರಲ್ಲಿ ಹೆಸರು ಮಾಡಿದ್ದ. ಆ ಓಣಿಯ ಅರ್ಧ ಮನೆಗಳಲ್ಲಿ ಇನ್ನೂ ಒಲೆ ಉರಿಯುತ್ತಿದ್ದುದು ಅವನಿಂದ.

ಹಾಗೆ ಕೋರ್ಟಿನಲ್ಲಿ ಸೋತ ಮಾಲೀಕರಲ್ಲಿ ಹಂಪಯ್ಯನೂ ಒಬ್ಬ. ಫೋನಿನ ಮಾತು ಕಿವಿಗೆ ಬಿದ್ದದ್ದೇ ತಡ, ಚಹಾದಂಗಡಿಯಲ್ಲಿ ಕೂತು, "ವೀಡು ಬಯಟೋಡು" ಎಂದ. ಇವನು ಹೊರಗಿನವನು ಎಂದು ದೂರಿದ್ದೂ ತೆಲುಗಿನಲ್ಲೇ ಎಂಬುದು ಅಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ.

ಸುದ್ದಿ ಕಾದ ಎಣ್ಣೆಗೆ ಬಿದ್ದ ಮಿರ್ಚಿಯಂತೆ ಉಬ್ಬಿತು. ಮೊದಲ ತಿರುವಿನಲ್ಲಿ ಅವನ ಅಪ್ಪ ಆಂಧ್ರದವನು. ಮುಂದಿನ ತಿರುವಿನಲ್ಲಿ ಅವನೇ ಆಂಧ್ರದವನು. ನೀರಿನ ಟ್ಯಾಂಕಿನ ಹತ್ತಿರ ಬರುವಷ್ಟರಲ್ಲಿ, ಅವನು ಗೆದ್ದರೆ ನಲ್ಲಿ ನೀರೆಲ್ಲ ಆದೋನಿಗೆ ಹರಿಯುತ್ತದೆ ಎಂಬಲ್ಲಿಗೆ ಬಂದು ನಿಂತಿತ್ತು.

ಮಿರ್ಚಿ ಬಂಡಿಯ ಗಾದೆಮ್ಮನ ಮನೆಯನ್ನು ಉಳಿಸಿಕೊಟ್ಟವನೂ ಅವನೇ. ಅವಳೂ ಮುಖ ಕೊಟ್ಟು ಮಾತಾಡಲಿಲ್ಲ.

"ನೀವು ಛಲೋ ಮಂದಿ ಅದೀರಿ ವಕೀಲ್ರ," ಎಂದಳು. "ಕೋರ್ಟಿಗೆ ನೀವ ಬೇಕು. ವೋಟಿಗೆ ನಮ್ಮೋರು ಬೇಕು."

ಯರ್ರಿಸ್ವಾಮಿಗೆ ರೇಗಿತು. ಮಧ್ಯಾಹ್ನ ಆಂಜನೇಯನ ಗುಡಿಕಟ್ಟೆಯ ಮೇಲೆ ಓಣಿಯವರನ್ನೆಲ್ಲ ಸೇರಿಸಿ, ನ್ಯಾಯಾಧೀಶರ ಮುಂದೆ ನಿಂತವನಂತೆ ವಾದಕ್ಕೆ ನಿಂತ. ಒಬ್ಬೊಬ್ಬರ ಮೂಲವನ್ನೂ ಕೆದಕಿದ. ಹಂಪಯ್ಯನ ತಾತ ಬಂದದ್ದು ಕುರುಗೋಡಿನಿಂದ, ಗಾದೆಮ್ಮನ ಮನೆತನ ತೆಕ್ಕಲಕೋಟೆಯದು, ಚಹಾದಂಗಡಿಯವನು ಕುಡತಿನಿಯವನು. ತನ್ನ ಹೆಂಡತಿ ದಾಕ್ಷಾಯಣಿಯನ್ನೂ ಬಿಡದೆ, ಅವಳು ಸಿರುಗುಪ್ಪದವಳೆಂದು ಸಾರಿದ.

"ಹೊರಗಿನೋರೆಲ್ಲ ಹೋಗಬೇಕಂದ್ರ ಈ ಓಣ್ಯಾಗ ಉಳಿಯೋದು ಏನು?" ಎಂದು ಕೇಳಿ, ತಾನೇ ಉತ್ತರ ಕೊಟ್ಟ. "ಒಂದು ಬೋರ್‌ವೆಲ್ಲು, ನಾಕು ಹಂದಿ. ಅಷ್ಟ."

ಜನ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು. ಯರ್ರಿಸ್ವಾಮಿ ಆಗಲೇ ಗೆದ್ದವನಂತೆ ಮನೆಗೆ ಹೋಗಿ, ಉಂಡು, ಗೊರಕೆ ಹೊಡೆದ.

ಅವನ ವಾದ ಬೇಕಾದ್ದಕ್ಕಿಂತ ಹೆಚ್ಚೇ ನಾಟಿತ್ತು. ಯಾರು ಯಾವ ಊರವರೆಂದು ಅಲ್ಲಿಯವರೆಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಸಂಜೆಗೆ ನೋಡಿದರೆ ಕುರುಗೋಡಿನವರು ಹಂಪಯ್ಯನ ಜಗುಲಿಯಲ್ಲಿ ಸೇರಿ ಅವನನ್ನೇ ನಿಲ್ಲಿಸಲು ಪಟ್ಟು ಹಿಡಿದಿದ್ದರು. ತೆಕ್ಕಲಕೋಟೆಯವರು ಬಿಸಿ ಮಿರ್ಚಿ ತಿನ್ನುತ್ತಲೇ ಗಾದೆಮ್ಮನನ್ನು ಒಪ್ಪಿಸಿದ್ದರು.

ಕತ್ತಲಾಗುವ ಮುಂಚೆ ಒಂದಷ್ಟು ಜನ ಹೂವಿನ ಹಾರ ಹಿಡಿದು ಅವನ ಮನೆಗೂ ಬಂದರು. ಯರ್ರಿಸ್ವಾಮಿ ಸಂಕೋಚದಿಂದ ಕುತ್ತಿಗೆ ಬಗ್ಗಿಸಿದ. ಹಾರ ಅವನ ತಲೆಯ ಪಕ್ಕದಿಂದ ಹಾದು ಒಳಗೆ ಹೋಯಿತು. ಬಂದವರು ಸಿರುಗುಪ್ಪದವರು. ನಿಲ್ಲುವವಳು ದಾಕ್ಷಾಯಣಿ.

"ನಾನು ಬ್ಯಾಡ ಅಂದೆರಿ," ಎಂದಳು ಅವಳು, ಹಾರ ಸರಿಪಡಿಸಿಕೊಳ್ಳುತ್ತ. "ಆದ್ರ ಲಗ್ನಾಗಿ ಇಷ್ಟು ವರ್ಷಕ್ಕ, ನನಗೂ ಒಂದು ಊರೈತಿ ಅಂತ ನೀವ ನಾಕು ಮಂದಿ ಮುಂದ ಹೇಳಿದ್ರಿ. ಅದನ್ನ ಹ್ಯಾಂಗ ಬಿಡ್ಲಿ?"

ಯರ್ರಿಸ್ವಾಮಿ ಬಾಗಿಲಿಗೆ ಬಂದ. ಓಣಿಯಲ್ಲಿ ಆದೋನಿಯವರ ಮನೆ ಎಷ್ಟಿವೆಯೆಂದು ಹೊಸ್ತಿಲ ಮೇಲೆ ಕೂತು ಯೋಚಿಸಿದ. ಇದ್ದದ್ದು ತನ್ನದೊಂದೇ. ಅದರಲ್ಲೂ ಒಂದು ವೋಟು ಆಗಲೇ ಸಿರುಗುಪ್ಪಕ್ಕೆ ಹೋಗಿತ್ತು.