ರಟ್ಟಿನ ಮೇಲಿನ ಕೆಂಪು ಕಲೆ

ಈ ಹಳೇ ಕಾರು ಕೊಂಡ ಮೇಲೆ ನಾನು ತಲೆ ತಗ್ಗಿಸಿದಷ್ಟು ಮದುವೆ ಮಂಟಪದಲ್ಲೂ ತಗ್ಗಿಸಿರಲಿಲ್ಲ. ಚಾಮರಾಜನಗರದ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಗೊತ್ತಿರುವವನ ಹಾಗೆ ಮಾತಾಡುವುದು, ಆಮೇಲೆ ಮುಖ ಎಲ್ಲಿಟ್ಟುಕೊಳ್ಳಲಿ ಎಂದು ಹುಡುಕುವುದು, ಇದು ಆಗಾಗ ನಡೆಯುತ್ತಲೇ ಇರುತ್ತದೆ. ಪವರ್ ಸ್ಟೀರಿಂಗ್ ಆಯಿಲ್ ಸೋರಲು ಶುರುವಾದಾಗಿನದ್ದನ್ನು ಹೇಳಿಬಿಡುತ್ತೇನೆ. ಹೇಳಿದರೆ ಮರ್ಯಾದೆ ಹೋದೀತೆಂಬ ಭಯವಿಲ್ಲ, ಅದು ಆಗಲೇ ಹೋಗಿದೆ.

ಮೂಸಿ ನೋಡಿದ್ದು

ಸ್ಟೀರಿಂಗ್ ತಿರುಗಿಸಿದರೆ ಗೊರ್ ಎಂದು ನರಳುತ್ತಿತ್ತು. ಬಾನೆಟ್ ಎತ್ತಿದರೆ ಡಬ್ಬಿಯಲ್ಲಿ ಕೆಂಪು ಆಯಿಲ್ ಅರ್ಧಕ್ಕಿಳಿದಿತ್ತು. ಮಾರನೇ ಬೆಳಿಗ್ಗೆ ನೋಡಿದರೆ ಮುಂದಿನ ಚಕ್ರ ಒದ್ದೆ. ಸಿಕ್ಕಿತು ಕಳ್ಳ ಎಂದುಕೊಂಡು ಬೆರಳಲ್ಲಿ ಮುಟ್ಟಿದೆ, ಮೂಸಿದೆ. ಕಾಂಪೌಂಡಿನಾಚೆ ನಿಂತಿದ್ದ ಪಕ್ಕದ ಮನೆಯ ಯಜಮಾನರಿಗೆ ವಿವರಿಸಿದೆ: "ಆಯಿಲ್ ಕಾದು ಕಾದು ನೀರಾಗಿದೆ ಸಾರ್. ವಾಸನೆ ಹೀಗೆ ಕೆಟ್ಟಿರೋದೇ ಸಾಕ್ಷಿ."

ಅವರು ಪೂರ್ತಿ ಕೇಳಿಸಿಕೊಂಡರು. "ಅದು ನಮ್ ನಾಯಿ ಕಣಪ್ಪ. ದಿನಾ ಬೆಳಿಗ್ಗೆ ಅಲ್ಲೇ ಕಾಲೆತ್ತೋದು" ಎಂದರು.

ಅವತ್ತು ನಾನು ಇಡ್ಲಿಯನ್ನು ಚಮಚದಲ್ಲಿ ತಿಂದೆ.

ಪೌಡರ್ ಡಬ್ಬಿ

ನಮ್ಮೂರು ಭೀಮನಬೀಡು. ಅಮ್ಮನನ್ನು ನೋಡಲು ಹೋಗುವ ದಾರಿಯಲ್ಲಿ, ಗುಂಡ್ಲುಪೇಟೆಯ ಒಂದು ಗ್ಯಾರೇಜಿಗೆ ಕಾರು ಬಿಟ್ಟೆ. ಅಲ್ಲಿನ ಭಾಯ್ ಹೆಚ್ಚು ಮಾತಿನವರಲ್ಲ. ಆ ಕೊರತೆಯನ್ನು ನಾನೇ ತುಂಬಿದೆ. ನಾನು ಮೇಷ್ಟ್ರು ಎಂದು ಹೇಳಿಕೊಂಡು, ದ್ರವದ ಒತ್ತಡದ ಪಾಠವನ್ನು ಪೂರ್ತಿ ಒಪ್ಪಿಸಿ, "ಪಂಪೇ ಹೋಗಿದೆ, ಬದಲಾಯಿಸಿಬಿಡಿ" ಎಂದೆ.

ಭಾಯ್ ಪೈಪುಗಳನ್ನೆಲ್ಲ ತೊಳೆದು ಒರೆಸಿ, ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ತಂದು ಮೇಲೆಲ್ಲ ಉದುರಿಸಿದರು. "ಏನ್ ಭಾಯ್, ಕಾರಿಗೆ ಹೆಣ್ಣು ನೋಡೋ ಶಾಸ್ತ್ರನಾ?" ಎಂದು ನಾನೊಬ್ಬನೇ ನಕ್ಕೆ. ಅವರು ಎಂಜಿನ್ ಚಾಲೂ ಮಾಡಿಸಿ, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಎಂದರು. ಬಿಳೀ ಪೌಡರಿನ ಮೇಲೆ ಒಂದೇ ಒಂದು ಕಡೆ ಕೆಂಪು ಗೆರೆ ಮೂಡಿತು. ಪೈಪನ್ನು ಬಿಗಿಯುವ ಕ್ಲಿಪ್ ಸಡಿಲವಾಗಿತ್ತು. ಪಂಪು ಗುಂಡುಕಲ್ಲಿನ ಹಾಗಿತ್ತು.

"ಬುಕ್ಕಲ್ಲಿ ಕ್ಲಿಪ್ಪಿನ ಇಸ್ಯ ಬರ್ದಿಲ್ವಾ ಸಾರ್?" ಎಂದು ಕೇಳಿದರು, ಪಾಪ, ನಿಜವಾಗಿಯೂ ತಿಳಿದುಕೊಳ್ಳಲು.

ಸಾಕ್ಷಿ ಸಮೇತ

ಹೊಸ ಕ್ಲಿಪ್ ಹಾಕಿದ ಭಾಯ್ ಒಂದು ರಟ್ಟಿನ ತುಂಡು ಕೊಟ್ಟು, "ನಿಲ್ಸಿದಾಗ ಎಂಜಿನ್ ಕೆಳ್ಗೆ ಆಕಿ ಸಾರ್. ಒಂದು ತೊಟ್ಟು ಬಿದ್ರೂ ಗೊತ್ತಾಯ್ತದೆ" ಎಂದಿದ್ದರು. ಅಮ್ಮನ ಮನೆ ಮುಂದೆ ಹಾಗೇ ಮಾಡಿದೆ. ಮುದ್ದೆ ಉಂಡು ಒಂದು ಗಳಿಗೆ ಮಲಗಿ ಎದ್ದು ನೋಡುತ್ತೇನೆ, ರಟ್ಟಿನ ಅರ್ಧ ಭಾಗ ಕೆಂಪೋ ಕೆಂಪು!

ನೆತ್ತಿಗೇರಿತು ಕೋಪ. ರಟ್ಟು ಹಿಡಿದು ಸೀದಾ ಗುಂಡ್ಲುಪೇಟೆಗೆ ಬಂದೆ. ಗ್ಯಾರೇಜಿನಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವರೆದುರಿಗೇ, ನನಗಿಂತ ಹಿರಿಯರಾದ ಆ ಮನುಷ್ಯನ ಮುಂದೆ ರಟ್ಟು ಎಸೆದು, "ಕೆಲಸ ಬರದಿದ್ರೆ ಬಾಗಿಲು ಹಾಕ್ಕೊಂಡು ಮನೇಲಿರಿ" ಎಂದುಬಿಟ್ಟೆ. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಭಾಯ್ ರಟ್ಟು ಎತ್ತಿಕೊಂಡು ಕಲೆಯ ಮೇಲೆ ಎರಡು ಹನಿ ನೀರು ಬಿಟ್ಟು ಉಜ್ಜಿದರು. ಕರಗಿತು. ರಟ್ಟಿನ ತುದಿಗೆ ಅಂಟಿದ್ದ ಎಲೆಯ ಚೂರನ್ನು ಬಿಡಿಸಿ ನನ್ನ ಮುಂದೆ ಹಿಡಿದರು.

"ನಮ್ ಆಯಿಲ್‌ಗೆ ವೀಳ್ಯದೆಲೆ ಆಕಲ್ಲ ಸಾರ್."

ಅಮ್ಮನಿಗೆ ಫೋನ್ ಮಾಡಿ, ಕಾರಿನ ಕೆಳಗೆ ಏನಾದರೂ ಚೆಲ್ಲಿದೆಯಾ ಎಂದು ಕೇಳಿದೆ. "ಊ ಕಣ್ಲಾ, ಗಾಡಿ ಮ್ಯಾಲೆ ಯಾರ್ದೋ ಕಣ್ಣು ಬಿದ್ದದೆ, ಅದ್ಕೇ ಇಂಗೆ ಕೆಡ್ತಾ ಕೂತದೆ. ನೀ ಮಲಗಿದ್ದಾಗ ಆರತಿ ಎತ್ತಿ ಚಕ್ರದ ಬುಡಕ್ಕೆ ಸುರಿದ್ಬುಟ್ಟೆ" ಎಂದಳು. ಫೋನಿನ ಸ್ಪೀಕರ್ ಆನ್ ಆಗಿತ್ತು. ಗಿರಾಕಿಗಳೆಲ್ಲ ಕೇಳಿಸಿಕೊಂಡರು.

ಕಾಲಡಿಯ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಭಾಯ್, ನನ್ನನ್ನು ಸಮಾಧಾನ ಮಾಡಲೆಂದೇ, "ನಂಗೂ ಗೊತ್ತಿರ್ಲಿಲ್ಲ ಸಾರ್. ನಮ್ ಮಗ್ಳು ಏಳ್ನೇ ಕ್ಲಾಸು. ಅರಿಶಿಣಕ್ಕೆ ಸುಣ್ಣ ಬೆರೆಸಿದ್ರೆ ಕೆಂಪಾಯ್ತದೆ ಅಂತ ಮನೇಲಿ ಮಾಡಿ ತೋರಿಸಿದ್ಲು. ಅವ್ರ ಸೈನ್ಸ್ ಮೇಷ್ಟ್ರು ಏಳ್ಕೊಟ್ಟಿದ್ದಂತೆ" ಎಂದರು.

ಹತ್ತೊಂಬತ್ತು ವರ್ಷದಿಂದ ನಾನೂ ಅದೇ ಪಾಠ ಮಾಡುತ್ತಿದ್ದೇನೆ. ಅದೇ ಅರಿಶಿಣ, ಅದೇ ಸುಣ್ಣ.

"ನೀವೂ ಮೇಷ್ಟ್ರು ಅಲ್ವಾ ಸಾರ್, ಯಾವ ಸಬ್ಜೆಕ್ಟು?"

ಗಿರಾಕಿಗಳೂ ಇತ್ತ ತಿರುಗಿದರು. "ಕನ್ನಡ" ಎಂದೆ.

ಭಾಯ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಅಂಗಾದ್ರೆ ನಿಮ್ ತಪ್ಪೇನಿಲ್ಲ ಬುಡಿ" ಎಂದರು.